ಆ ಮುನ್ನೂರು ವರ್ಷ ಎಲ್ಲಿ ಹೋಯಿತು?

ನಮಸ್ಕಾರ. ಜರ್ಮನಿಯ ಕೊಲೋನ್ ಊರಿನ ಕೆಥೆಡ್ರಲ್ (ಆರ್ಚ್‌ಬಿಷಪ್, ಅಂದರೆ ಹಿರಿಯ ಧರ್ಮಾಧಿಕಾರಿಯ ದೊಡ್ಡ ಚರ್ಚು) ಬಗ್ಗೆ ನೀವು ಕಳಿಸಿದ ಲೇಖನ ಓದಿದೆ. ಈಗಿರುವ ಹಾಗೆ ಪ್ರಕಟಿಸಲು ಆಗುವುದಿಲ್ಲ. ಹಾಗಂತ ಕೈಬಿಡಿ ಅಂತಲೂ ಹೇಳುತ್ತಿಲ್ಲ.

1248ರಲ್ಲಿ ಅಡಿಗಲ್ಲು, 1880ರಲ್ಲಿ ಮುಕ್ತಾಯ. ಈ 632 ವರ್ಷಗಳನ್ನು ನೀವು 'ಭಕ್ತಿಯ ಅಖಂಡ ಯಜ್ಞ' ಎಂದಿದ್ದೀರಿ. ಅಖಂಡ ಎಲ್ಲಿಂದ ಬಂತು? 16ನೇ ಶತಮಾನದಲ್ಲಿ ದುಡ್ಡಿಲ್ಲದೆ ನಿಂತ ಕೆಲಸ ಮತ್ತೆ ಶುರುವಾದದ್ದು 1842ರಲ್ಲಿ. ನೀವು ಬರೆದದ್ದು ಒಂದೇ ಸಾಲು: 'ಕಾಲಾಂತರದಲ್ಲಿ ನಿರ್ಮಾಣ ಮುಂದುವರಿಯಿತು.' ಸುಮಾರು ಮುನ್ನೂರು ವರ್ಷ ಸ್ವಾಮಿ!

ನನಗೆ ಓದಬೇಕು ಅನ್ನಿಸಿದ್ದೇ ಆ ಭಾಗ. ಅರ್ಧಕ್ಕೆ ನಿಂತ ದಕ್ಷಿಣ ಗೋಪುರದ ನೆತ್ತಿಯಲ್ಲಿ ಮರದ ಕ್ರೇನ್ 1868ರವರೆಗೂ ಹಾಗೇ ಇತ್ತು. ಅದು ಊರಿನ ಗುರುತೇ ಆಗಿಹೋಗಿತ್ತು. ಅದನ್ನು ನೋಡುತ್ತಲೇ ಹುಟ್ಟಿ, ಮುದುಕರಾಗಿ, ಸತ್ತ ಎಷ್ಟೋ ತಲೆಮಾರುಗಳಿಗೆ ಇದೊಂದು ಮುಗಿಯದ ಕೆಲಸ ಅಂತ ಅನ್ನಿಸುತ್ತಿತ್ತಾ? 1322ರಲ್ಲೇ ಪೂರ್ವದ ಭಾಗ ಪ್ರತಿಷ್ಠೆಯಾಗಿತ್ತು. ತೆರೆದಿದ್ದ ಪಶ್ಚಿಮದ ಬದಿಗೆ ತಾತ್ಕಾಲಿಕ ಗೋಡೆ ಎಬ್ಬಿಸಿ ಒಳಗೆ ಪೂಜೆ ನಡೆಸುತ್ತಿದ್ದರು. ಆ 'ತಾತ್ಕಾಲಿಕ' ಗೋಡೆ ಬಿದ್ದದ್ದು 19ನೇ ಶತಮಾನದಲ್ಲಿ! ಇದನ್ನು ಬಿಟ್ಟು ಎರಡು ಪುಟ 'ಗಗನಚುಂಬಿ', 'ಭವ್ಯ', 'ದಿವ್ಯ' ಯಾಕೆ? 157 ಮೀಟರ್ ಎತ್ತರ, 1880ರಲ್ಲಿ ಜಗತ್ತಿನಲ್ಲೇ ಎತ್ತರದ ಕಟ್ಟಡ ಅಂದರೆ ಸಾಕು.

ನಕ್ಷೆಯ ಕಥೆಯನ್ನು ಸುಮ್ನೆ ಕೊನೆಗೆ ತುರುಕಿದ್ದೀರಿ. ಚರ್ಮದ ಹಾಳೆಯ ಮೇಲೆ ಬರೆದಿದ್ದ, ಚರ್ಚಿನ ಮುಂಭಾಗದ ನಾಲ್ಕು ಮೀಟರ್ ಎತ್ತರದ ನಕ್ಷೆ ಕಳೆದುಹೋಗಿತ್ತು. ಒಂದು ಭಾಗ 1814ರಲ್ಲಿ ಡಾರ್ಮ್‌ಸ್ಟಾಟ್‌ನಲ್ಲಿ ಸಿಕ್ಕಿತು, ಇನ್ನೊಂದು 1816ರಲ್ಲಿ ಪ್ಯಾರಿಸ್‌ನಲ್ಲಿ. ಮಧ್ಯಯುಗದವರು ಅಂದುಕೊಂಡಂತೆಯೇ ಗೋಪುರ ಎಬ್ಬಿಸಲು ಆದದ್ದು ಅದರಿಂದ. ಬೇಕಿದ್ದರೆ ಲೇಖನವನ್ನು ಇಲ್ಲಿಂದಲೇ ಶುರು ಮಾಡಿ.

ಒಂದು ತಪ್ಪು ತಿದ್ದಿಕೊಳ್ಳಿ. ಇದೇ ಜಾಗದಲ್ಲಿ ಮೊದಲಿದ್ದ ಹಳೆಯ ಚರ್ಚು ಸಿಡಿಲಿಗೆ ಸುಟ್ಟದ್ದಲ್ಲ. ಹೊಸದನ್ನು ಕಟ್ಟಲು ಅದನ್ನು ಕೆಡವಲೆಂದು ಕಟ್ಟುವವರೇ ಹಚ್ಚಿದ ಬೆಂಕಿ ಕೈಮೀರಿತು.

ಇನ್ನು ಭಕ್ತಿ. ಇತ್ತು, ಇಲ್ಲವೆನ್ನುವುದಿಲ್ಲ. ಆದರೆ 1288ರ ವೊರಿಂಗೆನ್ ಯುದ್ಧದಲ್ಲಿ ಇದೇ ಊರಿನ ಜನ ತಮ್ಮ ಆರ್ಚ್‌ಬಿಷಪ್ಪರ ವಿರುದ್ಧ ನಿಂತು ಗೆದ್ದರು. ಕೆಲಸ ಮಾತ್ರ ನಡೆದೇ ಇತ್ತು. 1842ರಲ್ಲಿ ಈ ಕ್ಯಾಥೊಲಿಕ್ ಚರ್ಚಿನ ಕೆಲಸಕ್ಕೆ ಮತ್ತೆ ಕಲ್ಲಿಟ್ಟವನು ಆಗಿನ ಜರ್ಮನ್ ರಾಜ್ಯ ಪ್ರಷ್ಯಾದ ಪ್ರಾಟೆಸ್ಟೆಂಟ್ ದೊರೆ. ಕೊನೆಯ ಹಂತದ ಖರ್ಚಿಗೆ ಲಾಟರಿ ಕೂಡ ನಡೆಸಿದರು. ಇಂಥ ವಿಷಯ ಇದ್ದರೆ ಓದುಗರು ಲೇಖನ ಬಿಡುವುದಿಲ್ಲ, ಅಲ್ವಾ?

ಅರ್ಧದಷ್ಟು ಕತ್ತರಿಸಿ, ಮತ್ತೆ ಕಳಿಸಿ. ಲಾಟರಿಯನ್ನು ಮಾತ್ರ ಕತ್ತರಿಸಬೇಡಿ.