ಆಪ್ತಸಲಹೆ ಪ್ರಕರಣ: ವಾಟ್ಸ್ಆ್ಯಪ್ ಓದುವ ಫೋನು ನೋಟ್ಸ್ ಓದದು

ಬಿ.ಎ. ಮೊದಲ ವರ್ಷದ ಹುಡುಗ, ಗುರುತು ಬದಲಿಸಿದೆ. ರೆಟಿನೈಟಿಸ್ ಪಿಗ್ಮೆಂಟೋಸಾ ಎಂಬ ಕಣ್ಣಿನ ಕಾಯಿಲೆಯಿಂದ ದೃಷ್ಟಿ ಕುಗ್ಗಿ, ಅಚ್ಚಿನ ಪುಟ ಓದಲಾಗದು. ಓದಿ ಹೇಳುತ್ತಿದ್ದ ಅಕ್ಕ ಮದುವೆಯಾಗಿ ಹೋದಳು. ಫೋನಿನ ಪರದೆ ಓದಿ ಹೇಳುವ ಟಾಕ್‌ಬ್ಯಾಕ್‌ನಲ್ಲಿ ವಾಟ್ಸ್ಆ್ಯಪ್, ಸುದ್ದಿ ಎಲ್ಲ ಸಲೀಸು. ಕಾಲೇಜಿನ ನೋಟ್ಸ್ ತೆರೆದರೆ ಮಾತ್ರ "ಪಿ, ಎ, ಪೌಂಡ್, ಎ" ಎಂಬ ಗೊಣಗು. ತನಗೇ ಬಳಸಲು ಬರುತ್ತಿಲ್ಲವೆಂದು ತಿಳಿದು ಕಾಲೇಜು ಬಿಡುವ ಮಾತಿಗೆ ಬಂದಿದ್ದ.

ಇಂಥಲ್ಲಿ ಧೈರ್ಯ ಹೇಳುವ ಮುಂಚೆ ಕಡತ ನೋಡಬೇಕು. ನೋಟ್ಸ್ 'ನುಡಿ' ಎಂಬ ಕನ್ನಡ ಟೈಪಿಂಗ್ ತಂತ್ರಾಂಶದ ಹಳೆಯ ಆಸ್ಕಿ ಫಾಂಟಿನಲ್ಲಿತ್ತು, ಅಂದರೆ ಇಂಗ್ಲಿಷ್ ಅಕ್ಷರಗಳ ಸಂಕೇತಗಳಿಗೆ ಕನ್ನಡದ ರೂಪ ತೊಡಿಸಿದ ಫಾಂಟು. ಅದರಲ್ಲಿ 'ಕ' ಎಂದು ಕಾಣುವುದು ಒಳಗೆ ಇಂಗ್ಲಿಷಿನ ಪಿ ಮತ್ತು ತಲೆಯ ಮೇಲೆ ಗೀಟಿರುವ ಎ. 'ನ' ಎಂದರೆ ಪೌಂಡ್ ಚಿಹ್ನೆ ಮತ್ತು ಅದೇ ಎ. ಫಾಂಟಿನ ವೇಷ ಕಣ್ಣಿಗಷ್ಟೇ. ದನಿ ತಂತ್ರಾಂಶ ಓದುವುದು ಒಳಗಿರುವುದನ್ನು. ಎರಡು ಸಾಲು ನೋಟ್‌ಪ್ಯಾಡಿಗೆ ಅಂಟಿಸಿದರೆ ಗುಟ್ಟು ರಟ್ಟು. ಹುಡುಗನ ತಪ್ಪು ಇಲ್ಲಿ ಏನೂ ಇರಲಿಲ್ಲ, ಅದನ್ನು ಅವನೆದುರೇ ತೋರಿಸಿದ್ದಾಯಿತು.

ಕೊಟ್ಟ ಸಲಹೆ: ಉಪನ್ಯಾಸಕರಲ್ಲಿ ಪಿಡಿಎಫ್ ಬದಲು ಮೂಲ ವರ್ಡ್ ಕಡತ ಕೇಳುವುದು. ಪಿಡಿಎಫ್‌ನಿಂದ ನಕಲಿಸಿದರೆ ಅಕ್ಷರಗಳ ಸರದಿಯೇ ಕೆಡಬಹುದು. ಆಸ್ಕಿಯಿಂದ ಯೂನಿಕೋಡ್‌ಗೆ (ಕನ್ನಡ ಅಕ್ಷರಗಳಿಗೆ ತಮ್ಮದೇ ಸಂಕೇತವಿರುವ ಪದ್ಧತಿ) ಪರಿವರ್ತಕದಲ್ಲಿ ಹಾಯಿಸಿದ ಮೇಲೆ ಮೊದಲು ಅರ್ಕಾವತ್ತು ನೋಡಬೇಕು. ಆಸ್ಕಿಯಲ್ಲಿ ಅದು ಅಕ್ಷರದ ನಂತರ ಕೂತಿರುತ್ತದೆ. ಪರಿವರ್ತಕ ಹಿಂದಕ್ಕೆ ತರದಿದ್ದರೆ 'ಅರ್ಥ' ಹೋಗಿ 'ಅಥರ್' ಆಗುತ್ತದೆ. ನಡುವಿನ ಇಂಗ್ಲಿಷ್ ಪದಗಳೂ ಕನ್ನಡದ ಕಲಸುಮೇಲೋಗರವಾಗುತ್ತವೆ. ಅವನ್ನು ಮೂಲದಿಂದ ಮತ್ತೆ ತುಂಬಬೇಕು. ಮುಂದಿನ ನೋಟ್ಸ್‌ಗೆ ಇದ್ಯಾವ ಗೋಳೂ ಬೇಡ: ಈಗಿನ ನುಡಿಯಲ್ಲೇ ಯೂನಿಕೋಡ್ ಆಯ್ಕೆ ಇದೆ, ಟೈಪಿಸುವ ಮುಂಚೆ ಅದನ್ನು ಒತ್ತಿದರಾಯಿತು.

ಫೋಟೋ ತೆಗೆದ ಪುಟಗಳನ್ನು ಗೂಗಲ್ ಡ್ರೈವ್‌ಗೆ ಏರಿಸಿ ಡಾಕ್ಸ್‌ನಲ್ಲಿ ತೆರೆದರೆ ಪಠ್ಯ ಸಿಗುತ್ತದೆ. ಒತ್ತಕ್ಷರ, ಇಸವಿ ತಪ್ಪುವುದುಂಟು. ಇತಿಹಾಸದ ವಿದ್ಯಾರ್ಥಿಗೆ ಇಸವಿ ತಪ್ಪಿದರೆ ಕಥೆ ಮುಗಿಯಿತು. ಲ್ಯಾಪ್‌ಟಾಪಿಗೆ ಪರದೆ ಓದುವ ಉಚಿತ ತಂತ್ರಾಂಶ ಎನ್‌ವಿಡಿಎ ಸಾಕು: ಇನ್ಸರ್ಟ್, ಕಂಟ್ರೋಲ್, ಎಸ್ ಒಟ್ಟಿಗೆ ಒತ್ತಿ ದನಿ ಹೊರಡಿಸುವ ಇಸ್ಪೀಕ್ ಎನ್‌ಜಿ ಆರಿಸುವುದು, ಆಮೇಲೆ ಇನ್ಸರ್ಟ್, ಕಂಟ್ರೋಲ್, ವಿ ಒತ್ತಿ ಕನ್ನಡ ದನಿ. ದನಿ ತಗಡಿನಂತಿದೆ, ಮೊದಲು ಕಿರಿಕಿರಿಯೇ. ವೇಗ ತಗ್ಗಿಸಿ ದಿನಕ್ಕೆ 20 ನಿಮಿಷ ಕೇಳಲು ಹೇಳಿದ್ದಾಯಿತು.

ಮುಂದಿನ ಭೇಟಿಯೊಳಗೆ ಒಂದೇ ಅಧ್ಯಾಯ, ಅವನ ಕೈಯಿಂದಲೇ. ಅಕ್ಕನಿಗೆ ಫೋನ್ ಮಾಡಬಹುದು, ಆದರೆ ಇಡೀ ಪಾಠ ಓದಿಸಲು ಅಲ್ಲ. ದನಿ ಎಡವಿದ ಸಾಲುಗಳಿಗೆ ಮಾತ್ರ.