ತಾಂಗ್‌ಶಾನ್‌ಗೆ ಬರುವ ಮುಂಚೆ ಆ ಊರಿನ ಕಥೆ ಒಂದಿಷ್ಟು ಕೇಳು

ತಮ್ಮಾ, ನಿನ್ನ ಪ್ರಶ್ನೆ ಓದಿದೆ. ಸಂಡೂರಿನವನು, ತೋರಣಗಲ್ಲಿನಲ್ಲಿ ರೋಲಿಂಗ್ ಮಿಲ್ ಕೆಲಸ ಕಲಿತಿದ್ದೀಯ, ಈಗ ಚೀನಾದ ತಾಂಗ್‌ಶಾನ್‌ನಲ್ಲಿ ಒಂದು ಕಂಪನಿ ಕರೆದಿದೆ, ಆದರೆ ಆ ಊರಿನ ಹೆಸರು ಹಾಕಿ ಹುಡುಕಿದರೆ ಬರೀ ಭೂಕಂಪ ಮತ್ತು ಹೊಗೆ ಎರಡೇ ಕಾಣಿಸುತ್ತವೆ, ಅಂಥ ಕಡೆ ಹೆಂಡತಿಯನ್ನೂ ನಾಲ್ಕು ವರ್ಷದ ಮಗಳನ್ನೂ ಕರ್ಕೊಂಡು ಬರಬಹುದಾ ಅಂತ ಕೇಳಿದ್ದೀಯ.

ಬರಬಹುದು. ನಾನು ಹೊಸಪೇಟೆಯವನು. ಇಲ್ಲಿ ಸಂಸಾರ ಹೂಡಿ ಬಹಳ ವರ್ಷ ಆಯ್ತು, ಮಗ ಇಲ್ಲೇ ಶಾಲೆಗೆ ಹೋಗುತ್ತಾನೆ. ವೀಸಾ, ಬಾಡಿಗೆ, ಊಟದ ವಿಷಯ ಆಮೇಲೆ ಹೇಳುತ್ತೇನೆ. ಮೊದಲು ಊರು. ಯಾಕಂದರೆ ನಿನ್ನ ಮನೆ ಮಾಲೀಕರಿರಲಿ, ಶಿಫ್ಟಿನ ಹಿರಿಯ ಫಿಟ್ಟರ್ ಇರಲಿ, ತರಕಾರಿ ಮಾರುವ ಅಜ್ಜಿ ಇರಲಿ, ಇಲ್ಲೇ ಹುಟ್ಟಿ ಐವತ್ತು ದಾಟಿದವರೆಲ್ಲ 1976ರ ಆ ಭೂಕಂಪದಲ್ಲಿ ಬದುಕಿ ಉಳಿದವರು. ಅದು ಗೊತ್ತಿಲ್ಲದೆ ಇವರ ಜೊತೆ ಬಾಳೋಕೆ ಬರಬಾರದು ಅನ್ನೋದು ನನ್ನ ಮನಸ್ಸಿನ ಮಾತು.

ಬೀಜಿಂಗ್‌ನಿಂದ ಪೂರ್ವಕ್ಕೆ ಸುಮಾರು 150 ಕಿಲೋಮೀಟರ್, ಹೆಬೇ ಪ್ರಾಂತ್ಯ. ಚೀನಾದ ಹಳೇ ಊರುಗಳ ಥರ ಇಲ್ಲಿ ಕೋಟೆ, ಅರಮನೆ ಏನೂ ಇರಲಿಲ್ಲ. ಬೆಟ್ಟದ ಬುಡದಲ್ಲಿ ಚಿಯಾವೊತುನ್ ಅನ್ನೋ ಒಂದು ಹಳ್ಳಿ, ಅಷ್ಟೆ. ಊರಾಗಿದ್ದು ಕಲ್ಲಿದ್ದಲಿನಿಂದ. ಆಗ ಚಿಂಗ್ ರಾಜರ ಕಾಲ. ಹಬೆ ಹಡಗುಗಳಿಗೆ, ಮದ್ದುಗುಂಡಿನ ಕಾರ್ಖಾನೆಗಳಿಗೆ ಕಲ್ಲಿದ್ದಲು ಬೇಕಿತ್ತು, ವಿದೇಶದಿಂದ ತರಿಸಿ ಸಾಕಾಗಿತ್ತು. ಲಿ ಹಾಂಗ್‌ಚಾಂಗ್ ಅನ್ನೋ ದೊಡ್ಡ ಅಧಿಕಾರಿ ತಾಂಗ್ ತಿಂಗ್‌ಶು ಅನ್ನೋ ಗ್ವಾಂಗ್‌ಡಾಂಗ್ ಕಡೆಯ ವ್ಯಾಪಾರಿಗೆ ಈ ಕೆಲಸ ವಹಿಸಿದ. 1878ರಲ್ಲಿ ಕೈಪಿಂಗ್ ಗಣಿ ಶುರುವಾಯ್ತು. ಆಗ ತೋಡಿದ ಒಂದನೇ ನಂಬರ್ ಬಾವಿ ಊರ ಮಧ್ಯೆ ಇವತ್ತಿಗೂ ನಿಂತಿದೆ, ಪಕ್ಕದಲ್ಲೇ ಮ್ಯೂಸಿಯಂ ಇದೆ. ಗಣಿ ಸೀಮೆಯ ಹುಡುಗ ನೀನು, ಅದನ್ನು ನೋಡಲೇಬೇಕು.

ಕಲ್ಲಿದ್ದಲು ತೆಗೆದರೆ ಸಾಲದು, ಸಮುದ್ರಕ್ಕೆ ಮುಟ್ಟಿಸಬೇಕಲ್ಲ. ಕಾಲುವೆ ತೋಡಿದರು, ಆದರೆ ನೆಲ ಏರಾಗಿದ್ದರಿಂದ ಗಣಿಯ ಬಾಯಿವರೆಗೆ ನೀರು ತರೋಕೆ ಆಗಲಿಲ್ಲ. ಉಳಿದ ದೂರಕ್ಕೆ, ಅಂದರೆ ತಾಂಗ್‌ಶಾನ್‌ನಿಂದ ಶೂಗೆಜುವಾಂಗ್‌ವರೆಗೆ ಸುಮಾರು 10 ಕಿಲೋಮೀಟರ್, 1881ರಲ್ಲಿ ಹಳಿ ಹಾಕಿದರು. ಆಸ್ಥಾನಕ್ಕೆ ರೈಲು ಇಂಜಿನ್ ಅಂದರೆ ಭಯ. ಹಾಗಾಗಿ ಮೊದಮೊದಲು ಆ ಹಳಿ ಮೇಲೆ ಬಂಡಿ ಎಳೆದಿದ್ದು ಹೇಸರಗತ್ತೆಗಳು! ಕ್ಲಾಡ್ ಕಿಂಡರ್ ಅನ್ನೋ ಬ್ರಿಟಿಷ್ ಎಂಜಿನಿಯರ್ ಗಣಿಯ ವರ್ಕ್‌ಶಾಪಿನಲ್ಲೇ ಹಳೇ ಬಾಯ್ಲರ್, ಹಳೇ ಕಬ್ಬಿಣ, ಹಳೇ ಚಕ್ರ ಕೂಡಿಸಿ ಒಂದು ಇಂಜಿನ್ ಕಟ್ಟಿಬಿಟ್ಟ. ಹಳಿಗಳ ನಡುವಿನ ಅಗಲ 1435 ಮಿಲಿಮೀಟರ್ರೇ ಇರಬೇಕು ಅಂತ ಹಠ ಹಿಡಿದವನೂ ಅವನೇ. ಇವತ್ತು ಚೀನಾದ ಫಾಸ್ಟ್ ರೈಲುಗಳೆಲ್ಲ ಓಡುವುದು ಅದೇ ಅಗಲದ ಮೇಲೆ. ಅವತ್ತಿನ ರೈಲ್ವೆ ವರ್ಕ್‌ಶಾಪೇ ಬೆಳೆಯುತ್ತಾ ಬೆಳೆಯುತ್ತಾ ಈಗಿನ ರೈಲು ಕಾರ್ಖಾನೆ ಆಗಿದೆ. 2008ರಲ್ಲಿ ಬೀಜಿಂಗ್–ತಿಯಾನ್‌ಜಿನ್ ಮಾರ್ಗಕ್ಕೆ ಗಂಟೆಗೆ 350 ಕಿಲೋಮೀಟರ್ ವೇಗದ ರೈಲು ಕಟ್ಟಿಕೊಟ್ಟಿದ್ದು ಇದೇ ಊರು.

1889ರಲ್ಲಿ ಸಿಮೆಂಟ್ ಕಾರ್ಖಾನೆ ಬಂತು, ಆಮೇಲೆ ಪಿಂಗಾಣಿ. ಮಧ್ಯದಲ್ಲಿ ಒಂದು ಅನ್ಯಾಯವೂ ಆಯ್ತು. 1900ರಲ್ಲಿ ಬಾಕ್ಸರ್ ದಂಗೆಯ, ಅಂದರೆ ವಿದೇಶಿಯರ ವಿರುದ್ಧ ಜನ ಎದ್ದ ದಂಗೆಯ, ಗಲಾಟೆಯೊಳಗೆ ಗಣಿಯೇ ಬ್ರಿಟಿಷ್ ಕಂಪನಿಯ ಕೈಗೆ ಹೋಯ್ತು. ಆ ವ್ಯವಹಾರ ಕುದುರಿಸಿದವರಲ್ಲಿ ಮುಂದೆ ಅಮೆರಿಕದ ಅಧ್ಯಕ್ಷನಾದ ಹರ್ಬರ್ಟ್ ಹೂವರ್ ಕೂಡ ಇದ್ದ, ಆಗ ಇನ್ನೂ ಚಿಕ್ಕ ವಯಸ್ಸಿನ ಗಣಿ ಎಂಜಿನಿಯರ್. ಚೀನಾದವರು ಲಂಡನ್ನಿಗೇ ಹೋಗಿ ಕೇಸು ಹಾಕಿದರು, 1905ರಲ್ಲಿ ತೀರ್ಪು ಅವರ ಕಡೆಗೇ ಬಂತು, ಗಣಿ ಮಾತ್ರ ವಾಪಸ್ ಸಿಗಲಿಲ್ಲ. 1922ರಲ್ಲಿ ಗಣಿ ಕೆಲಸಗಾರರು ದೊಡ್ಡ ಮುಷ್ಕರ ಹೂಡಿದರು, ಅದನ್ನೂ ಬಲದಿಂದ ಹತ್ತಿಕ್ಕಿದರು. ಹೊರಗಿನವರು ಬಂದು ನೆಲದೊಳಗಿಂದ ತೆಗೆದುಕೊಂಡು ಹೋದದ್ದನ್ನು ಇಲ್ಲಿನವರು ಮರೆತಿಲ್ಲ. ಮರೆಯಬೇಕು ಅಂತ ನನಗೂ ಅನ್ನಿಸುವುದಿಲ್ಲ.

ಈಗ ಭೂಕಂಪ.

1976ರ ಜುಲೈ 28, ಬೆಳಗಿನ ಜಾವ 3 ಗಂಟೆ 42 ನಿಮಿಷ. ತೀವ್ರತೆ 7.8. ಊರೆಲ್ಲ ಮಲಗಿತ್ತು. ಇಲ್ಲಿ ಅಂಥ ದೊಡ್ಡ ಭೂಕಂಪ ಆಗೋದಿಲ್ಲ ಅಂತ ಲೆಕ್ಕ ಹಾಕಿದ್ದರಿಂದ ಕಟ್ಟಡಗಳನ್ನು ಅದಕ್ಕೆ ತಡೆಯೋ ಹಾಗೆ ಕಟ್ಟಿರಲಿಲ್ಲ. ಇಟ್ಟಿಗೆ ಗೋಡೆ, ಮೇಲೆ ಭಾರದ ಚಾವಣಿ. ಅರೆ ನಿಮಿಷದೊಳಗೆ ಎಲ್ಲ ನೆಲಸಮ. ಆಸ್ಪತ್ರೆ, ರೈಲ್ವೆ ಕಾರ್ಖಾನೆ, ಮನೆಗಳು, ಯಾವುದೂ ಉಳಿಯಲಿಲ್ಲ. ಅವತ್ತೇ ಸಂಜೆ ಮತ್ತೆ 7.1ರ ಹೊಡೆತ. ಸರ್ಕಾರದ ಲೆಕ್ಕದಲ್ಲೇ ಸತ್ತವರು 2 ಲಕ್ಷ 42 ಸಾವಿರಕ್ಕಿಂತ ಜಾಸ್ತಿ. ಆ ಲೆಕ್ಕವನ್ನು ಜನರಿಗೆ ತಿಳಿಸಿದ್ದು ಮೂರು ವರ್ಷದ ಮೇಲೆ, 1979ರಲ್ಲಿ. ತಂದೆ ತಾಯಿ ಇಬ್ಬರೂ ಇಲ್ಲದಾದ ಮಕ್ಕಳು ನಾಲ್ಕು ಸಾವಿರಕ್ಕೂ ಜಾಸ್ತಿ.

ಒಂದು ವಿಷಯ ಕೇಳಿದಾಗ ನನಗೆ ನಂಬಿಕೆಯೇ ಬರಲಿಲ್ಲ. ಆ ಹೊತ್ತಿನಲ್ಲಿ ಗಣಿಯೊಳಗೆ ರಾತ್ರಿ ಪಾಳಿಯ ಸುಮಾರು ಹತ್ತು ಸಾವಿರ ಜನ ಇದ್ದರು. ಅವರಲ್ಲಿ ಹೆಚ್ಚುಕಮ್ಮಿ ಎಲ್ಲರೂ ಬದುಕಿ ಮೇಲೆ ಬಂದರು. ನೆಲದ ಆಳದಲ್ಲಿ ಅಲುಗಾಟ ಕಮ್ಮಿ. ಅವರು ಮೇಲೆ ಬಂದು ನೋಡಿದರೆ ಮನೆಯಲ್ಲಿ ಮಲಗಿದ್ದವರು ಇಲ್ಲ. ಫೋನು, ತಂತಿ ಎಲ್ಲ ಕಡಿದುಹೋಗಿತ್ತು. ಎಲ್ಲಿ ಏನಾಗಿದೆ ಅಂತ ರಾಜಧಾನಿಗೇ ಸರಿಯಾಗಿ ಗೊತ್ತಿಲ್ಲದಾಗ ಗಣಿಯವರು ನಾಲ್ಕು ಜನ ಒಂದು ಕೆಂಪು ಆಂಬುಲೆನ್ಸ್ ಹತ್ತಿ, ಬಿರುಕು ಬಿಟ್ಟ ರಸ್ತೆಯಲ್ಲೇ ಬೀಜಿಂಗ್‌ಗೆ ಓಡಿಸಿಕೊಂಡು ಹೋಗಿ ಸುದ್ದಿ ಮುಟ್ಟಿಸಿದರು. ಇನ್ನೊಂದು ಗಣಿಯಲ್ಲಿ ಸಿಕ್ಕಿಹಾಕಿಕೊಂಡಿದ್ದ ಐದು ಜನರನ್ನು 15 ದಿನ ಆದಮೇಲೆ ಜೀವಂತ ಹೊರಗೆ ತೆಗೆದರು. ಹೊರದೇಶಗಳು ಸಹಾಯ ಕೊಡುತ್ತೇವೆ ಅಂದರೂ ಸರ್ಕಾರ ಬೇಡ ಅಂದಿತು. ಅದು ತಪ್ಪು ನಿರ್ಧಾರ ಅಂತಲೇ ನಾನು ತಿಳಿದಿದ್ದೇನೆ, ಕಲ್ಲುಮಣ್ಣಿನಡಿ ಸಿಕ್ಕಿಕೊಂಡವರಿಗೆ ಒಂದೊಂದು ಗಂಟೆಯೂ ಮುಖ್ಯ ಅಲ್ವಾ.

ಆಮೇಲೆ ಜನ ವರ್ಷಗಟ್ಟಲೆ ಶೆಡ್ಡುಗಳಲ್ಲಿದ್ದರು. ಬಿದ್ದ ಮನೆಯ ಇಟ್ಟಿಗೆ ಆರಿಸಿ ಗೋಡೆ, ಮೇಲೆ ಟಾರ್ ಹಾಳೆ. ಹತ್ತು ವರ್ಷದ ಹೊತ್ತಿಗೆ, 1986ಕ್ಕೆ, ಊರನ್ನು ಬುಡದಿಂದ ಕಟ್ಟಿ ನಿಲ್ಲಿಸಿದರು. ಹೊಸ ಕಟ್ಟಡಗಳಿಗೆಲ್ಲ ಭೂಕಂಪ ತಡೆಯುವ ಲೆಕ್ಕ ಕಡ್ಡಾಯ. 1990ರಲ್ಲಿ ವಿಶ್ವಸಂಸ್ಥೆ ಇದಕ್ಕಾಗಿಯೇ ಪ್ರಶಸ್ತಿ ಕೊಟ್ಟಿತು. ಹೆಂಡತಿ ಕಳಕೊಂಡವರು, ಗಂಡನನ್ನು ಕಳಕೊಂಡವರು ಒಬ್ಬರನ್ನೊಬ್ಬರು ಮದುವೆಯಾಗಿ, ಎರಡೂ ಕಡೆಯ ಉಳಿದ ಮಕ್ಕಳನ್ನು ಒಟ್ಟಿಗೆ ಸಾಕಿದ ಮನೆಗಳು ಇಲ್ಲಿ ಲೆಕ್ಕವಿಲ್ಲದಷ್ಟು. ನಮ್ಮ ಪಕ್ಕದ ಮನೆಯ ಹಿರಿಯ ದಂಪತಿ ಅಂಥವರೇ. ನಾವು ಬಂದ ಹೊಸತರಲ್ಲಿ ಗ್ಯಾಸ್ ಕಾರ್ಡ್ ಹೇಗೆ ತುಂಬಿಸಬೇಕು ಅನ್ನೋದರಿಂದ ಹಿಡಿದು ಮಗನಿಗೆ ಜ್ವರ ಬಂದಾಗ ಆಸ್ಪತ್ರೆಗೆ ಓಡೋವರೆಗೆ ಎಲ್ಲದಕ್ಕೂ ಅವರೇ ಜೊತೆಗಿದ್ದರು.

ಹಳೇ ರೈಲ್ವೆ ಕಾರ್ಖಾನೆ ಕುಸಿದ ಜಾಗವನ್ನೇ ಸ್ಮಾರಕ ಮಾಡಿದ್ದಾರೆ. ಮುರಿದ ಕಂಬಗಳು, ತುಕ್ಕು ಹಿಡಿದ ಹಳಿ ಹಾಗೇ ಇವೆ. ಪಕ್ಕದಲ್ಲಿ 7.28 ಮೀಟರ್ ಎತ್ತರದ ಕಪ್ಪು ಕಲ್ಲಿನ ಗೋಡೆಗಳು. ತಿಂಗಳು, ತಾರೀಖು ಎರಡನ್ನೂ ಆ ಎತ್ತರದಲ್ಲೇ ಇಟ್ಟಿದ್ದಾರೆ. ಅದರ ಮೇಲೆ ಸಣ್ಣ ಸಣ್ಣ ಅಕ್ಷರದಲ್ಲಿ ಸತ್ತವರ ಹೆಸರು, 2 ಲಕ್ಷ 40 ಸಾವಿರಕ್ಕೂ ಹೆಚ್ಚು. ಜನ ಬಂದು ತಮ್ಮವರ ಹೆಸರಿನ ಸಾಲಿನ ಹತ್ತಿರ ಟೇಪಿನಲ್ಲಿ ಒಂದು ಹೂವು ಅಂಟಿಸಿ, ಕೆಳಗೆ ಹಣ್ಣು, ಬಿಸ್ಕತ್ತು, ಕೆಲವರು ಒಂದು ಸಿಗರೇಟು ಇಟ್ಟು ಹೋಗುತ್ತಾರೆ. ಜುಲೈ 28ರ ಆಸುಪಾಸಿನ ರಾತ್ರಿಗಳಲ್ಲಿ ರಸ್ತೆ ಕೂಡುವ ಕಡೆಗಳಲ್ಲಿ ನೆಲದ ಮೇಲೆ ಸೀಮೆಸುಣ್ಣದಿಂದ ವೃತ್ತ ಬರೆದು, ಒಂದು ಕಡೆ ಬಾಗಿಲಿನ ಹಾಗೆ ಬಿಟ್ಟು, ಸತ್ತವರಿಗೆ ಮುಟ್ಟಲಿ ಅಂತ ಒಳಗೆ ಕಾಗದ ಸುಡುತ್ತಾರೆ. ಆ ರಾತ್ರಿಗಳಲ್ಲಿ ಫೋಟೋ ತೆಗೆಯಬೇಡ, ವೃತ್ತ ತುಳಿಯಬೇಡ. ಭೂಕಂಪದ ಬಗ್ಗೆ ನೀನಾಗಿ ಕೆದಕಬೇಡ. ಅವರಾಗಿ ಹೇಳಿದರೆ ಕೂತು ಪೂರ್ತಿ ಕೇಳು.

ಸ್ಟೀಲ್ ವಿಷಯಕ್ಕೆ ಬರೋಣ, ಅದಕ್ಕೇ ತಾನೇ ನೀನು ಬರೋದು. ಇಲ್ಲಿನ ಚಿಯಾನ್‌ಆನ್ ಕಡೆ ಕಬ್ಬಿಣದ ಅದಿರು ಇದೆ, ಆದರೆ ಅದರಲ್ಲಿ ಕಬ್ಬಿಣದ ಅಂಶ ನಮ್ಮ ಸಂಡೂರಿನ ಅದಿರಿನ ಅರ್ಧದಷ್ಟು. ಪುಡಿ ಮಾಡಿ, ಅಯಸ್ಕಾಂತದಲ್ಲಿ ಬೇರ್ಪಡಿಸಿ ಬಳಸಬೇಕು. 2000ದ ನಂತರ ಖಾಸಗಿ ಮಿಲ್ಲುಗಳು ಸಾಲುಸಾಲಾಗಿ ಎದ್ದಾಗ ಈ ಅದಿರು ಸಾಲಲಿಲ್ಲ. ಆಸ್ಟ್ರೇಲಿಯಾ, ಬ್ರೆಜಿಲ್, ಜೊತೆಗೆ ಭಾರತದಿಂದ ಹಡಗು ಬರತೊಡಗಿದವು. ನೀನು ಚಿಕ್ಕವನಿದ್ದಾಗ ನಮ್ಮ ಕಡೆ ರಸ್ತೆ ತುಂಬ ಅದಿರಿನ ಲಾರಿ, ಮನೆ ಗೋಡೆ ಮೇಲೆ, ತುಳಸಿ ಗಿಡದ ಮೇಲೆ ಕೆಂಪು ಧೂಳು ಕೂತಿರುತ್ತಿದ್ದದ್ದು ನೆನಪಿದೆಯಾ? ಆ ಅದಿರಿಗೆ ರೇಟು ಏರಿಸಿದ್ದು ಈ ಕಡೆಯ ಕುಲುಮೆಗಳ ಹಸಿವು. ಕರ್ನಾಟಕ ಸರ್ಕಾರ 2010ರಲ್ಲಿ ರಫ್ತು ನಿಲ್ಲಿಸಿತು, 2011ರಲ್ಲಿ ಸುಪ್ರೀಂ ಕೋರ್ಟ್ ಬಳ್ಳಾರಿಯ ಗಣಿಗಾರಿಕೆಯನ್ನೇ ತಡೆಯಿತು. ಅಲ್ಲಿ ಬೆಟ್ಟ ಕರಗಿದ್ದನ್ನು ಕಣ್ಣಾರೆ ನೋಡಿದವನಿಗೆ ಇಲ್ಲಿಯ ಬಂದರಿನಲ್ಲಿ ಅದಿರಿನ ರಾಶಿ ನೋಡುವಾಗ ಹೊಟ್ಟೆಯಲ್ಲಿ ಸಂಕಟ ಆಗುತ್ತೆ, ಅದನ್ನು ಮುಚ್ಚಿಡೋದಿಲ್ಲ.

ಗಾತ್ರ ಎಷ್ಟು ಅಂದರೆ, 2020ರಲ್ಲಿ ಈ ಒಂದು ಊರಿನ ವ್ಯಾಪ್ತಿಯಲ್ಲಿ ತಯಾರಾದ ಸ್ಟೀಲ್ ಸುಮಾರು 14 ಕೋಟಿ ಟನ್. ಇಡೀ ಭಾರತದ್ದು ಆ ವರ್ಷ ಸುಮಾರು 10 ಕೋಟಿ. ಬೀಜಿಂಗ್ ಒಳಗಿದ್ದ ದೊಡ್ಡ ಶೌಗಾಂಗ್ ಕಾರ್ಖಾನೆಯನ್ನೂ ಇಲ್ಲಿನ ಕಡಲ ತೀರದ ತ್ಸಾವೊಫೆಯ್ದಿಯಾನ್‌ಗೆ, ಸಮುದ್ರಕ್ಕೆ ಮಣ್ಣು ತುಂಬಿ ಮಾಡಿದ ನೆಲಕ್ಕೆ, ತಂದು ಹಾಕಿದರು. ರಾಜಧಾನಿಯ ಆಕಾಶ ತಿಳಿಯಾಯ್ತು, ಹೊಗೆ ಈ ಕಡೆಯವರ ಪಾಲಿಗೆ ಬಂತು. ವರ್ಷಾನುಗಟ್ಟಲೆ ದೇಶದಲ್ಲೇ ಗಾಳಿ ಅತಿ ಕೆಟ್ಟ ಹತ್ತು ಊರುಗಳಲ್ಲಿ ಇದೂ ಒಂದಾಗಿತ್ತು. ಈಗ ಬಹಳ ಸುಧಾರಿಸಿದೆ, ಇದು ಸುಮ್ನೆ ಹೇಳುವ ಮಾತಲ್ಲ, ನನ್ನ ಮಗನ ಕೆಮ್ಮು ಕಮ್ಮಿಯಾಗಿದ್ದನ್ನು ನೋಡಿ ಹೇಳುತ್ತಿದ್ದೇನೆ. 2021ರಲ್ಲಿ ಹೆಚ್ಚುಕಮ್ಮಿ ಎಲ್ಲ ಮಿಲ್ಲುಗಳಿಗೂ ಉತ್ಪಾದನೆ ತಗ್ಗಿಸಿ ಅಂತ ಆದೇಶ ಬಂತು. ಈಗಲೂ ಗಾಳಿ ಕೆಟ್ಟರೆ ಎಚ್ಚರಿಕೆ ಹೊರಡಿಸುತ್ತಾರೆ, ನಿನ್ನ ಲೈನ್ ನಿಲ್ಲಬಹುದು, ಓವರ್‌ಟೈಮ್ ಲೆಕ್ಕ ತಲೆಕೆಳಗಾಗಬಹುದು. ಚಳಿಗಾಲಕ್ಕೆ ಮಗಳ ಕೋಣೆಗೆ ಒಂದು ಏರ್ ಪ್ಯೂರಿಫೈಯರ್ ಬೇಕೇ ಬೇಕು.

ಊರ ದಕ್ಷಿಣಕ್ಕೆ ನಾನ್‌ಹೂ ಅಂತ ದೊಡ್ಡ ಕೆರೆ, ಪಾರ್ಕು ಇದೆ. ನೂರಕ್ಕೂ ಹೆಚ್ಚು ವರ್ಷ ಕಲ್ಲಿದ್ದಲು ಅಗೆದು ಕುಸಿದ ನೆಲ, ಕಸದ ಗುಡ್ಡೆ ಆಗಿದ್ದ ಜಾಗ ಅದು. 2016ರಲ್ಲಿ ಅಂತರರಾಷ್ಟ್ರೀಯ ತೋಟಗಾರಿಕೆ ಮೇಳ ಅಲ್ಲೇ ನಡೆಯಿತು. ಭಾನುವಾರ ನಾವೆಲ್ಲ ಹೋಗೋದು ಅಲ್ಲಿಗೇ. ನಮ್ಮ ಕಡೆಯ ಗಣಿ ಗುಂಡಿಗಳನ್ನೂ ಹೀಗೆ ಯಾರಾದರೂ ಮಾಡಬಾರದಾ ಅಂತ ಪ್ರತಿ ಸಲ ಅನ್ನಿಸುತ್ತೆ. ತೊಗಲುಗೊಂಬೆ ಆಟವೂ ಇಲ್ಲಿದೆ, ಪರದೆ ಹಿಂದೆ ದೀಪ, ಚರ್ಮದ ಬಣ್ಣದ ಗೊಂಬೆ. ನಿನ್ನ ಮಗಳಿಗೆ ಖಂಡಿತ ಇಷ್ಟವಾಗುತ್ತೆ.

ಊಟ: ಸಸ್ಯಾಹಾರಿ ಆದರೂ ಉಪವಾಸ ಬೀಳೋದಿಲ್ಲ, ಆದರೆ ಕೇಳಿ ತಿನ್ನಬೇಕು, ಸೊಪ್ಪಿನ ಪಲ್ಯಕ್ಕೂ ಮಾಂಸದ ಚೂರು ಹಾಕುವವರಿದ್ದಾರೆ. ಹೆಸರುಕಾಳಿನ ಹಿಟ್ಟನ್ನು ಪೆಸರಟ್ಟಿನ ಹಾಗೆ ತೆಳ್ಳಗೆ ಹುಯ್ದು, ಮಡಚಿ ಕತ್ತರಿಸಿ ಕರಿದು, ಹುಳಿಸಿಹಿ ಸಾರು ಹಾಕಿ ಕೊಡುವ ಗೆಝಾ ಅನ್ನೋ ತಿಂಡಿ ಈ ಊರಿನ ಹೆಮ್ಮೆ. ಹುಣಸೆಹಣ್ಣು, ಸಾರಿನ ಪುಡಿ, ಇಂಗು ಊರಿಂದ ತಾ. ಅಕ್ಕಿ ಇಲ್ಲಿ ಚೆನ್ನಾಗಿದೆ.

ಚಳಿ ಜನವರಿಯಲ್ಲಿ ಸೊನ್ನೆಗಿಂತ ಹತ್ತು ಡಿಗ್ರಿ ಕೆಳಗೆ ಹೋಗುತ್ತೆ. ನವೆಂಬರ್ ಮಧ್ಯದಿಂದ ಮಾರ್ಚ್ ಮಧ್ಯದವರೆಗೆ ಮನೆಗಳಿಗೆ ಪೈಪಿನಲ್ಲಿ ಬಿಸಿನೀರು ಹರಿಸಿ ಬೆಚ್ಚಗಿಡುತ್ತಾರೆ. ಆ ದುಡ್ಡು ಮಾಲೀಕರು ಕಟ್ಟುತ್ತಾರಾ ನೀನು ಕಟ್ಟಬೇಕಾ ಅಂತ ಅಗ್ರಿಮೆಂಟಿನಲ್ಲೇ ಬರೆಸಿಕೊ. ವಾಟ್ಸಾಪ್, ಗೂಗಲ್ ತೆರೆಯೋದಿಲ್ಲ, ಎಲ್ಲ ವೀಚಾಟ್ ಮೇಲೇ. ಆದರೆ ಭಾರತದಲ್ಲಿ 2020ರಲ್ಲೇ ವೀಚಾಟ್ ನಿಷೇಧ ಆಗಿದೆ, ಹಾಗಾಗಿ ಅಪ್ಪ ಅಮ್ಮನ ಜೊತೆ ವಿಡಿಯೋ ಕಾಲ್ ಮಾಡೋಕೆ ಎರಡೂ ಕಡೆ ನಡೆಯುವ ದಾರಿ ಯಾವುದು ಅಂತ ಮೊದಲೇ ನೋಡಿಕೊಂಡು ಹೊರಡು.

ಕೊನೆಗೆ ಕಾಗದಪತ್ರ. ಕೆಲಸದ ವೀಸಾ, ಅಂದರೆ ಝಡ್ ವೀಸಾ ಇಲ್ಲದೆ ಬರಲೇಬೇಡ. ಬಿಸಿನೆಸ್ ವೀಸಾದಲ್ಲಿ ಬಾ, ಆಮೇಲೆ ಬದಲಾಯಿಸಿದರಾಯ್ತು ಅನ್ನೋ ಏಜೆಂಟರು ಇದ್ದಾರೆ. ಹಾಗೆ ಬಂದು ಕೆಲಸ ಮಾಡಿದರೆ ದಂಡ, ಗಡೀಪಾರು ಎಲ್ಲ ನಿನ್ನ ತಲೆಗೇ. ಬಂದ 24 ಗಂಟೆಯೊಳಗೆ ಹತ್ತಿರದ ಪೊಲೀಸ್ ಠಾಣೆಯಲ್ಲಿ ವಿಳಾಸ ಬರೆಸಬೇಕು, 30 ದಿನದೊಳಗೆ ವಾಸದ ಪರ್ಮಿಟ್‌ಗೆ ಅರ್ಜಿ ಹಾಕಬೇಕು. ಮೊದಲು ನೀನೊಬ್ಬನೇ ಬಾ. ಮನೆ, ಕಿಂಡರ್‌ಗಾರ್ಟನ್ ಎಲ್ಲ ನೋಡಿಟ್ಟು ಏಪ್ರಿಲ್ ಹೊತ್ತಿಗೆ ಅವರಿಬ್ಬರನ್ನು ಕರೆಸಿಕೊ, ಆಗ ಚಳಿ ಇಳಿದಿರುತ್ತೆ. ಮದುವೆ ಸರ್ಟಿಫಿಕೇಟು, ಮಗಳ ಬರ್ತ್ ಸರ್ಟಿಫಿಕೇಟು, ನಿನ್ನ ಡಿಗ್ರಿ ಮೂರಕ್ಕೂ ಅಟೆಸ್ಟೇಶನ್, ಅಂದರೆ ಅಸಲಿ ಅಂತ ಅಧಿಕೃತ ದೃಢೀಕರಣ, ಬೇಕು, ಅದು ವಾರಗಟ್ಟಲೆ ಹಿಡಿಯುವ ಕೆಲಸ. ಈಗಿಂದಲೇ ಶುರು ಮಾಡು. ಆಫರ್ ಲೆಟರ್‌ನಲ್ಲಿ ಹೆಂಡತಿ ಮಗಳ ವೀಸಾ ಖರ್ಚು ಮತ್ತು ಆಸ್ಪತ್ರೆ ಇನ್ಶೂರೆನ್ಸ್ ಬರೆದಿದ್ದಾರಾ ನೋಡಿ ನನಗೆ ತಿಳಿಸು.