ಮೊದಲು ಉಂಡು ಮಲಗಿ, ಅಕ್ಕ

ಕಾಸರಗೋಡಿನ ಕುಂಬಳೆ ಕಡೆಯ ಓದುಗರೊಬ್ಬರು ಒಂಬತ್ತು ಪುಟ ಬರೆದಿದ್ದಾರೆ. ಹೆಸರು ಬೇಡ ಎಂದಿದ್ದಾರೆ. ಹನ್ನೊಂದು ವರ್ಷ ಚರ್ಚಿನ ಕಡೆಯಿಂದ, ವಾಸಿಯಾಗದ ಕಾಯಿಲೆಯವರ ನೋವು ತಗ್ಗಿಸುವ ಪ್ಯಾಲಿಯೇಟಿವ್ ತಂಡದ ಜೊತೆ ಮನೆಮನೆ ತಿರುಗಿದವರು. ಹಾಸಿಗೆ ಹಿಡಿದವರ ಹುಣ್ಣು ತೊಳೆದವರು, ಅಕ್ಕಿ ಕಿಟ್ ಮುಟ್ಟಿಸಿದವರು. ಕಳೆದ ಮೊಂತಿ ಹಬ್ಬದ (ಮಾತೆ ಮರಿಯಳ ಹುಟ್ಟುಹಬ್ಬ) ಹೊತ್ತಿಗೆ ಚರ್ಚಿನ ಸಭೆಯಲ್ಲಿ ಮಂಡಳಿಯ ಒಬ್ಬರು ಎದ್ದು, ‘ನಾಲ್ಕು ಮೂಟೆ ಅಕ್ಕಿ ಎಲ್ಲಿ ಹೋಯ್ತು?’ ಅಂದರಂತೆ. ಅಂದಿನಿಂದ ಇವರು ಮನೆಯಲ್ಲೇ ಇದ್ದಾರೆ. ‘ಕ್ಷಮಿಸಿ ಬನ್ನಿ, ಶಿಲುಬೆ ಹೊರಬೇಕು ಅಂತಾರೆ. ನನಗೆ ಆಗ್ತಾ ಇಲ್ಲ. ನಾನು ಕೆಟ್ಟ ಕ್ರೈಸ್ತಳಾ?’ ಎಂದು ಕೇಳಿದ್ದಾರೆ.

ಅಕ್ಕ, ಮಂಡಳಿಯವರ ಪರವಾಗಿ ಒಂದು ಮಾತು ಹೇಳಿಬಿಡುತ್ತೇನೆ. ದಾನದ ಅಕ್ಕಿಗೆ ಲೆಕ್ಕ ಕೇಳುವುದು ತಪ್ಪಲ್ಲ, ಕೇಳಲೇಬೇಕು. ಆದರೆ ನೂರು ಜನರ ಎದುರು ಮೈಕಿನಲ್ಲಿ ಕೇಳುವುದಕ್ಕೂ, ಮನೆಗೆ ಬಂದು ಚಾ ಕುಡಿದು ಕೇಳುವುದಕ್ಕೂ ವ್ಯತ್ಯಾಸ ಇದೆ, ಅಲ್ವಾ?

ನನ್ನ ಅಮ್ಮ ನೆನಪಾದಳು. ನಮ್ಮ ಓಣಿಯ ಕೊನೆಯಲ್ಲಿ ಮರೆವಿನ ಕಾಯಿಲೆಯ ಅಜ್ಜಿ ಒಬ್ಬರಿದ್ದರು. ಅಮ್ಮ ದಿನಾ ಕುಚ್ಚಲಕ್ಕಿ ಗಂಜಿ, ಒಂದು ಚೂರು ಮಾವಿನಮಿಡಿ ಉಪ್ಪಿನಕಾಯಿ ಒಯ್ಯುತ್ತಿದ್ದಳು. ಒಂದು ದಿನ ಅಜ್ಜಿ ಬಟ್ಟಲನ್ನೇ ಎಸೆದರು. ಅಮ್ಮನ ಹುಬ್ಬು ಒಡೆಯಿತು. ಸೀರೆ ತುಂಬ ಗಂಜಿ, ಮುಖದಲ್ಲಿ ರಕ್ತ, ಆದರೂ ನಗುತ್ತಾ ಬಂದಳು. ‘ಪಾಪ, ಬಿಸಿ ಜಾಸ್ತಿ ಆಗಿತ್ತು’ ಅಂದಳು. ಅದೇ ಅಮ್ಮ ಇನ್ನೊಂದು ದಿನ ಒಲೆಯ ಮುಂದೆ ಕೂತು ಅತ್ತಳು. ನಮ್ಮದೇ ವಾರ್ಡಿನ ಹೆಂಗಸು, ‘ಮುದುಕಿಯ ತೋಟ ನಿಮ್ಮ ಹೆಸರಿಗೆ ಆಗ್ತದಾ?’ ಎಂದು ಕೇಳಿದ್ದಳಂತೆ. ಬಟ್ಟಲಿನ ಗಾಯ ಎಂಟು ದಿನದಲ್ಲಿ ಮಾಯಿತು. ಈ ಮಾತನ್ನು ಅಮ್ಮ ಸಾಯುವವರೆಗೂ ಹೇಳುತ್ತಿದ್ದಳು.

ಹಾಗಾಗಿ ‘ಕ್ಷಮಿಸಿ ಬಾ’ ಅಂತ ಅವಸರ ಮಾಡುವವರನ್ನು ಕಂಡರೆ ನನಗೆ ಸಿಟ್ಟು. ಬೈಬಲಿನಲ್ಲಿ ದೇವರಿಗೇ ಅಷ್ಟು ಅವಸರ ಇರಲಿಲ್ಲ. ಪ್ರವಾದಿ ಎಲೀಯ ‘ಸಾಕಪ್ಪಾ, ಪ್ರಾಣ ತೆಗೆದುಕೋ’ ಅಂತ ಗಿಡದ ಬುಡದಲ್ಲಿ ಬಿದ್ದುಕೊಂಡಾಗ ದೂತ ಬಂದು ಏನು ಹೇಳಿದ? ಎದ್ದು ಊಟ ಮಾಡು ಅಂದ. ಕೆಂಡದ ಮೇಲೆ ಸುಟ್ಟ ರೊಟ್ಟಿ, ಒಂದು ತಂಬಿಗೆ ನೀರು. ತಿಂದು ಮತ್ತೆ ಮಲಗಿದ. ಎರಡನೇ ಸಲವೂ ಊಟವೇ. ‘ಇಲ್ಲಿ ನಿನಗೇನು ಕೆಲಸ?’ ಎಂದು ದೇವರು ಕೇಳಿದ್ದು ಆಮೇಲೆ ನಲವತ್ತು ದಿನ ನಡೆದು ಹೋರೇಬ್ ಬೆಟ್ಟ ಮುಟ್ಟಿದ ನಂತರ. ನಿಮಗೆ ನಲವತ್ತು ದಿನ ಕೊಟ್ಟವರು ಯಾರು?

ಪೌಲನನ್ನು ನೋಡಿ. ತಿಮೊಥೆಯನಿಗೆ ಬರೆದ ಎರಡನೇ ಪತ್ರದ ಕೊನೆ ಓದಿ. ಕಂಚುಗಾರ ಅಲೆಕ್ಸಾಂದ್ರ ನನಗೆ ಬಹಳ ಕೇಡು ಮಾಡಿದ ಎಂದು ಹೆಸರು ಹಿಡಿದು ಬರೆದಿದ್ದಾನೆ. ವಿಚಾರಣೆಯ ದಿನ ಎಲ್ಲರೂ ಕೈಬಿಟ್ಟರು, ಅದು ಅವರ ಲೆಕ್ಕಕ್ಕೆ ಸೇರದಿರಲಿ ಅಂತಲೂ ಬರೆದಿದ್ದಾನೆ. ನಡುವೆ, ತ್ರೋವ ಎಂಬ ಊರಿನಲ್ಲಿ ಬಿಟ್ಟು ಬಂದ ಮೇಲಂಗಿ ತೆಗೆದುಕೊಂಡು ಬಾ, ಚಳಿಗಾಲದ ಮೊದಲೇ ಬಾ ಅಂತಾನೆ. ನೋವಾಗಿದೆ ಅಂತ ಹೇಳಿದ್ದಕ್ಕೆ ಪೌಲ ಕೆಟ್ಟ ಕ್ರೈಸ್ತ ಆಗಲಿಲ್ಲ. ನೀವೂ ಆಗುವುದಿಲ್ಲ.

ಫಾದರ್ ಡೇಮಿಯನ್ ಕಥೆ ಗೊತ್ತಲ್ಲ. 1873ರಲ್ಲಿ ಹವಾಯಿಯ ಮೊಲೊಕಾಯಿ ದ್ವೀಪದ ಕುಷ್ಠರೋಗಿಗಳ ಹತ್ತಿರ ಹೋದರು, ಅದೇ ರೋಗ ಹತ್ತಿ 1889ರಲ್ಲಿ ಸತ್ತರು. ಮಣ್ಣು ಒಣಗುವ ಮೊದಲೇ ಹೊನೊಲುಲುವಿನ ಒಬ್ಬ ಪಾದ್ರಿ, ಆತ ಕೊಳಕ, ಹಟಮಾರಿ, ನಡತೆ ಸರಿ ಇರಲಿಲ್ಲ ಅಂತ ಕಾಗದ ಬರೆದ. ಆ ಪಾದ್ರಿಯ ಬಂಗಲೆ ತುಂಬ ಚೆನ್ನಾಗಿತ್ತಂತೆ. ಕಾದಂಬರಿಕಾರ ಸ್ಟೀವನ್ಸನ್ 1890ರಲ್ಲಿ ಬಹಿರಂಗ ಪತ್ರ ಬರೆದು ಅವನ ಚಳಿ ಬಿಡಿಸಿದರು. ಡೇಮಿಯನ್ ಅವರನ್ನು ಸಂತರೆಂದು ಸಾರಿದ್ದು 2009ರಲ್ಲಿ.

ನಮ್ಮಲ್ಲೂ ಹಾಗೆಯೇ. ಫ್ಯಾನ್ ದಾನ ಮಾಡಿದವರಿಗೆ ಶಾಲು, ಹಣ್ಣಿನ ಬುಟ್ಟಿ, ಸ್ಮರಣಿಕೆ. ಫ್ಯಾನಿನ ರೆಕ್ಕೆಯ ಮೇಲೂ ಹೆಸರು, ಗಾಳಿ ಬಿಟ್ಟರೆ ಓದಲಿಕ್ಕೆ ಆಗದು. ಮಲಮೂತ್ರದ ಬಟ್ಟೆ ಬದಲಿಸಿದವರಿಗೆ ಮಾತ್ರ ಲೆಕ್ಕದ ಪ್ರಶ್ನೆ!

ಇನ್ನೊಂದು ಸಂಗತಿ ನಿಮ್ಮ ಮಂಡಳಿಗೆ ಹೊಳೆದೇ ಇಲ್ಲ. ಕೇರಳ 2008ರಲ್ಲೇ ಪ್ಯಾಲಿಯೇಟಿವ್ ನೀತಿ ತಂದ ರಾಜ್ಯ. ಅದನ್ನು ಮೆಚ್ಚಲೇಬೇಕು. ಆದರೆ ನಮ್ಮ ಎಣ್ಮಕಜೆ, ಬೆಳ್ಳೂರು ಕಡೆ ಗೇರುತೋಟಕ್ಕೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಕೀಟನಾಶಕ ಸುರಿದ ಊರುಗಳಲ್ಲಿ ಮನೆಮಾತು ತುಳು, ಕನ್ನಡ. ಬರುವ ನರ್ಸಿಗೆ ಮಲಯಾಳ ಮಾತ್ರ ಗೊತ್ತಿದ್ದರೆ? ‘ವೇದನೆ’ ಅಂದರೆ ಅವರಿಗೂ ಅರ್ಥ ಆಗುತ್ತದೆ. ಆದರೆ ಅದು ಸೆಳೆತವೋ, ಉರಿಯೋ, ಜೋಮೋ? ಅದರ ಮೇಲೆ ಮಾತ್ರೆಯೇ ಬದಲಾಗುತ್ತದೆ. ಮಂಚದ ಬದಿಯಲ್ಲಿ ಕೂತು ಅಜ್ಜನ ಉರಿಯನ್ನು ನರ್ಸಿನ ಭಾಷೆಗೆ ದಾಟಿಸಿದ್ದು ನೀವು. ಕಾಸರಗೋಡು ಕೇರಳಕ್ಕೆ ಸೇರಿದ 1956ರಿಂದ ನಾವು ಕಚೇರಿ ಕಚೇರಿಗೆ ಕನ್ನಡದ ಫಾರಂ ಕೊಡಿ ಅಂತ ಅರ್ಜಿ ಹಾಕುತ್ತಲೇ ಇದ್ದೇವೆ. ನೀವು ಅರ್ಜಿ ಹಾಕದೆ ಆ ಕೆಲಸ ಮಾಡಿದಿರಿ. ಈ ಮಾತು ಬಂದರೆ ನಾನು ನಿಲ್ಲಿಸುವುದಿಲ್ಲ, ಹಳೆಯ ಓದುಗರಿಗೆ ಗೊತ್ತು. ಇಲ್ಲಿಗೆ ಬಿಡುತ್ತೇನೆ.

ಈಗ ಸ್ವಲ್ಪ ಬೈಗುಳ. ಒಂಬತ್ತು ಪುಟದಲ್ಲಿ ಎಂಟೂವರೆ ಪುಟ ಮಂಡಳಿಯವರೇ ತುಂಬಿದ್ದಾರೆ. ಕೊನೆಯಲ್ಲಿ, ನೀವು ನೋಡಿಕೊಳ್ಳುತ್ತಿದ್ದ, ನಿಮ್ಮನ್ನು ಬಾಯಮ್ಮ ಅನ್ನುವ ಅಜ್ಜನ ಬಗ್ಗೆ ಒಂದೇ ಸಾಲು: ‘ಬಾಯಮ್ಮ ಬರಲಿಲ್ಲವಾ ಅಂತ ಆ ಅಜ್ಜ ಕೇಳ್ತಾರಂತೆ.’ ಅಜ್ಜ ಏನು ತಪ್ಪು ಮಾಡಿದರು? ತಂಡ ಬೇಡ, ಕಿಟ್ ಬೇಡ, ಬ್ಯಾಜೂ ಬೇಡ. ನಿದ್ದೆ ಸರಿ ಬರಲು ಶುರುವಾದ ಮೇಲೆ, ಒಂದು ಸಂಜೆ ಸುಮ್ನೆ ನೆರೆಯವರ ಹಾಗೆ ಹೋಗಿ ಬನ್ನಿ. ಮಂಡಳಿಗೆ ಹೇಳಬೇಕಾಗಿಯೂ ಇಲ್ಲ.

ಪತ್ರದ ಜೊತೆ ಅಕ್ಕಿ ಲೆಕ್ಕದ ಪುಸ್ತಕದ ಜೆರಾಕ್ಸ್ ಇಟ್ಟಿದ್ದೀರಿ, ಹದಿನಾಲ್ಕು ಹಾಳೆ. ನಾನು ಬಿಡಿಸಿ ನೋಡಿಲ್ಲ. ಅದೇ ಕವರಿನಲ್ಲಿ ವಾಪಸು ಕಳಿಸುತ್ತಿದ್ದೇನೆ. ಮೈಕಿನಲ್ಲಿ ಕೇಳಿದವರು ಮನೆಗೆ ಬಂದರೆ ಚಾ ಕೊಟ್ಟು ತೋರಿಸಿ.